ಎಸಿ ಫಕ್ಕೀರಪ್ಪ

ಫಕ್ಕೀರಪ್ಪ ನಮ್ಮ ಮನೆಗೆ ಬಂದರೆ ಮೊದಲು ಎಸಿಯ ಕಡೆ ನೋಡುತ್ತಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬಚ್ಚಲಿನಲ್ಲಿ ಕೈ ತೊಳೆದು, ನೇರ ಮಂಚದ ಹತ್ತಿರ ಹೋಗಿ ನಮ್ಮ ಮನೆಯವರ ಅಂಗಾಲಿಗೆ ತನ್ನ ಕೈಯ ಹಿಂಬದಿ ಹಚ್ಚುತ್ತಿದ್ದ. ಹೊಸಬರು ಯಾರಾದರೂ ನೋಡಿದರೆ ದೊಡ್ಡವರ ಕಾಲಿಗೆ ಬೀಳುತ್ತಿದ್ದಾನೆ ಎಂದುಕೊಳ್ಳಬೇಕು. ಆಮೇಲೆ ಹಣೆ, ಆಮೇಲೆ ಕುತ್ತಿಗೆಯ ಹಿಂದೆ. ಇಷ್ಟಾದ ಮೇಲೆ ಕೊರಳಲ್ಲಿ ನೇತುಹಾಕಿಕೊಂಡ ಬ್ಯಾಟರಿ ಹಚ್ಚಿ ಗೋಡೆಯ ಮೇಲೆ ನೋಡುತ್ತಿದ್ದ.

“ಮಷೀನ್ ಸುಳ್ಳ ಹೇಳ್ತೈತ್ರಿ ಅಕ್ಕಾರ. ಹೊರಗ ಒಂದು ತೋರಸ್ತೈತಿ, ಒಳಗ ಒಂದು ಇರ್ತೈತಿ. ಮಾಮಾರ ಕಾಲು ಸುಳ್ಳ ಹೇಳಂಗಿಲ್ಲ.”

ನಾನು ಅಕ್ಕ, ಅದಕ್ಕೇ ನಮ್ಮ ಮನೆಯವರು ಮಾಮಾ. ಹಾಗಂತ ಅವನೇ ಮೊದಲ ದಿನ ನಿಶ್ಚಯ ಮಾಡಿಬಿಟ್ಟ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ನಮ್ಮ ಓಣಿ ತಿರುಗುವ ಮೂಲೆಯಲ್ಲಿ ಅವನ ಚಿಕ್ಕ ಅಂಗಡಿ ಇತ್ತು. ಹೆಸರಿನ ಬೋರ್ಡು ಇರಲಿಲ್ಲ. ಬಾಗಿಲ ಮೇಲೆ ಒಂದು ಪೆಂಗ್ವಿನ್ ಚಿತ್ರ ಬರೆಸಿದ್ದ, ಅದು ನೋಡಲು ಥೇಟು ಕಾಗೆಯ ಹಾಗೆ ಇತ್ತು. ಯಾರಾದರೂ ಆ ಮಾತು ತೆಗೆದರೆ ಸಿಟ್ಟಾಗುತ್ತಿದ್ದ. “ಹುಬ್ಬಳ್ಳಿ ಬಿಸಲಾಗ ಪೆಂಗ್ವಿನ್ ಇದ್ರ ಹಿಂಗ ಆಗ್ತೈತ್ರಿ” ಎನ್ನುತ್ತಿದ್ದ.

ನಮಗೆ ಎಸಿ ಬಂದದ್ದು ಶ್ರೀಮಂತಿಕೆಯಿಂದ ಅಲ್ಲ. ನಮ್ಮ ಮನೆಯವರು ಬೀಜದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ಧಾರವಾಡದಲ್ಲಿ ಸಂಬಂಧಿಕರ ಮನೆಯ ಹೆಸರಿಡುವ ಕಾರ್ಯಕ್ಕೆ ಹೋಗಿ ತಿರುಗಿ ಬರುವಾಗ ರಾಯಾಪುರದ ಹತ್ತಿರ ಗಾಡಿ ಜಾರಿ ಬಿದ್ದರು. ಕುತ್ತಿಗೆಯ ಎಲುಬಿಗೆ ಪೆಟ್ಟಾಯಿತು. ಅಲ್ಲಿಂದ ಕೆಳಗೆ ಕೈಕಾಲು ಅಲುಗಲಿಲ್ಲ, ಮುಟ್ಟಿದರೆ ಗೊತ್ತಾಗಲಿಲ್ಲ. ಮಾತು ಉಳಿಯಿತು, ನಗು ಉಳಿಯಿತು, ನಾಲಿಗೆಗೆ ರುಚಿ ಉಳಿಯಿತು. ಬನಶಂಕರಿ ತಾಯಿಯ ಫೋಟೋದ ಮುಂದೆ ಕುಳಿತಾಗ ನಾನು ಎಣಿಸಿದ್ದು ಇವನ್ನೇ. ಹೋದದ್ದನ್ನು ಎಣಿಸಲು ಕುಳಿತಿದ್ದರೆ ಮನೆಗೆಲಸ ಮಾಡುವವರು ಯಾರು?

ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರು ನನ್ನನ್ನು ಬದಿಗೆ ಕರೆದು ಒಂದು ಮಾತು ಹೇಳಿದರು. “ನೋಡ್ರಿ ತಾಯಿ, ಇವರ ಮೈಗೆ ಇನ್ನು ಬೆವರೋದು ಬರೋದಿಲ್ಲ, ಚಳಿಗೆ ನಡಗೋದೂ ಬರೋದಿಲ್ಲ. ಕೋಣೆ ಹೆಂಗಿರ್ತದೋ ಮೈ ಹಂಗ ಇರ್ತದ. ಕೋಣೆ ಕಾಯ್ದರ ಇವರಿಗೆ ಜೀವಕ್ಕ ಅಪಾಯ.” ಅದನ್ನು ಕೇಳಿ ಲಕಮನಹಳ್ಳಿಯ ಕಾರ್ಖಾನೆಯಲ್ಲಿದ್ದ ನನ್ನ ಮೈದುನ ತನ್ನ ಮನೆಗೆಂದು ತಂದಿದ್ದ ಎಸಿಯನ್ನು ಬಿಚ್ಚಿಸಿ ನಮ್ಮ ಕೋಣೆಗೆ ಹಚ್ಚಿಸಿದ. ಹಚ್ಚಲು ಬಂದವನು ಫಕ್ಕೀರಪ್ಪ.

ಅಲ್ಲಿಯವರೆಗೆ ನನಗೆ ಮಿಕ್ಸರಿನ ಬಟನ್ ಬಿಟ್ಟರೆ ಬೇರೆ ಯಂತ್ರ ಗೊತ್ತಿರಲಿಲ್ಲ. ನನ್ನ ಗಂಡನ ಉಸಿರು ಒಂದು ಪೆಟ್ಟಿಗೆಯ ಕೈಯಲ್ಲಿದೆ, ಆ ಪೆಟ್ಟಿಗೆ ಫಕ್ಕೀರಪ್ಪನ ಕೈಯಲ್ಲಿದೆ ಎನ್ನುವುದು ತಿಳಿದಾಗ ನಾನು ದೇವರ ಜೊತೆಗೆ ಅವನಿಗೂ ಕೈ ಮುಗಿಯುವ ಹಾಗಾಯಿತು. ಅವನಿಗೆ ಅದು ಗೊತ್ತಾಗಿ ಮತ್ತಷ್ಟು ಉಬ್ಬಿದ. ದೊಡ್ಡ ಹೊಟ್ಟೆ, ಹಣೆಗೆ ವಿಭೂತಿ, ಬಾಯಲ್ಲಿ ಸದಾ ಎಲೆ ಅಡಿಕೆ. ಬಸ್ಸಿನ ಸೀಟಿನ ರೆಕ್ಸಿನ್ ಹೊಲಿಸಿ ಮಾಡಿಸಿದ ಚೀಲ ಹೆಗಲಿಗೆ. “ಹುಬ್ಬಳ್ಳಿ ಧಾರವಾಡದಾಗ ಫಕ್ಕೀರಪ್ಪ ಮುಟ್ಟಿದ ಮಷೀನ್ ತಿರುಗಿ ಕೆಟ್ಟಿದ್ದು ತೋರಸ್ರಿ, ಮೀಸಿ ಬೋಳಸ್ಕೋತೀನಿ” ಎಂದು ಆಣೆ ಮಾಡುತ್ತಿದ್ದ. ಅವನಿಗೆ ಮೀಸೆಯೇ ಇರಲಿಲ್ಲ.

ಫೋನು ಮಾಡಿದರೆ ಅವನ ಉತ್ತರ ಒಂದೇ. “ಬಂದ್ನಿರಿ ಅಕ್ಕಾರ, ರಾಯಾಪುರ ದಾಟೇನಿ.” ಹಿಂದೆ ಅವನ ಮನೆಯ ಕುಕ್ಕರ್ ಸೀಟಿ ಹೊಡೆಯುವುದು ನನಗೆ ಕೇಳಿಸುತ್ತಿತ್ತು. ಅವನ ಹೆಂಡತಿ “ರೊಟ್ಟಿ ಎರಡ ಹಾಕ್ಲ್ಯೋ, ಮೂರ ಹಾಕ್ಲ್ಯೋ?” ಎಂದು ಕೇಳುವುದೂ ಕೇಳಿಸುತ್ತಿತ್ತು. ನಮ್ಮ ಮನೆಯವರು ಮಲಗಿದಲ್ಲಿಂದಲೇ ನಗುತ್ತಿದ್ದರು. “ಅವಂಗ ರಾಯಾಪುರದಾಗ ಒಂದು ಖೋಲಿ ಮಾಡಿ ಕೊಡ್ರಿ. ಪಾಪ, ದಿನಾ ದಾಟಿ ದಾಟಿ ಸಾಕಾಗಿರ್ತೈತಿ.”

ಹೇಳಿದ ಹೊತ್ತಿಗೆ ಬರುತ್ತಿರಲಿಲ್ಲ ಎನ್ನುವುದು ನಿಜ. ಬಂದ ಮೇಲೆ ಹೇಳಿದ್ದೆಲ್ಲ ಸರಿಯಾಗಿರುತ್ತಿತ್ತು ಎನ್ನುವುದೂ ಸುಳ್ಳು. ಒಮ್ಮೆ ಎಸಿ ಶುರುವೇ ಆಗಲಿಲ್ಲ. ಫಕ್ಕೀರಪ್ಪ ಬಂದು ಹಿತ್ತಲಿನ ಯೂನಿಟ್‌ಗೆ ಕಿವಿ ಹಚ್ಚಿದ, ತಲೆ ಅಲ್ಲಾಡಿಸಿದ, ದುಃಖದ ಮುಖ ಮಾಡಿಕೊಂಡು ಒಳಗೆ ಬಂದ.

“ಕಂಪ್ರೆಸರ್ ಹೋತ್ರಿ ಅಕ್ಕಾರ. ಮನಸ್ಸು ಗಟ್ಟಿ ಮಾಡ್ಕೋರಿ.”

ಅವನು ಮುಚ್ಚಳ ಬಿಚ್ಚಿ, ತಿರುಪುಗಳನ್ನೆಲ್ಲ ತಾಟಿನಲ್ಲಿ ಹಾಕಿ ಕುಳಿತ. ಆಗ ನಮ್ಮ ಮನೆಯವರು ಮೆಲ್ಲಗೆ ಕೇಳಿದರು. “ಫಕ್ಕೀರಪ್ಪಾ, ರಿಮೋಟಿನ ಸೆಲ್ ನೋಡಿಯೇನು?”

ನಾನು ಗಡಿಯಾರದ ಸೆಲ್ ತೆಗೆದು ರಿಮೋಟಿಗೆ ಹಾಕಿದೆ. ಎಸಿ ಗುಂಯ್ ಎಂದಿತು. ಅವನು ಒಂದು ಕ್ಷಣವೂ ಸೋಲಲಿಲ್ಲ. “ನಾ ಮುಚ್ಚಳ ಬಿಚ್ಚಿದ್ದಕ್ಕ ಅದು ಹೆದರಿ ಚಾಲೂ ಆತ್ರಿ ಮಾಮಾರ” ಎಂದ.

ಹಾಗೆ ನೋಡಿದರೆ ಅವನು ನನಗೆ ಕಲಿಸಿದ್ದು ಬಹಳ. ಫಿಲ್ಟರನ್ನು ಎರಡು ವಾರಕ್ಕೊಮ್ಮೆ ತೆಗೆದು ನಳದ ಕೆಳಗೆ ಹಿಡಿದು ತೊಳೆಯಬೇಕು, ಹಿಂಬದಿಯಿಂದ ನೀರು ಬಿಡಬೇಕು, ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ, ನೆರಳಲ್ಲೇ ಒಣಗಿಸಬೇಕು. ಹೊರಗಿನ ಯೂನಿಟ್ಟಿನ ಮುಂದೆ ಸೈಕಲ್ಲು, ಕಟ್ಟಿಗೆ, ಒಣಗಲು ಹಾಕಿದ ಕೌದಿ, ಯಾವುದನ್ನೂ ಅಡ್ಡ ಇಡಬಾರದು. ಲೋಬಾನ, ಎಣ್ಣೆ ದೀಪದ ಹೊಗೆ ಕೋಣೆಯಲ್ಲಿ ಬೇಡ. ಈ ಕೊನೆಯದಕ್ಕೆ ನಾನು ಬಹಳ ದಿನ ಒಪ್ಪಲಿಲ್ಲ. ಗಂಡನ ತಲೆದೆಸೆಯಲ್ಲಿ ಒಂದು ದೀಪ ಬೇಡವೆಂದರೆ ಹೇಗೆ? ಕೊನೆಗೆ ಅವನೇ ಫಿಲ್ಟರ್ ಕೈಯಲ್ಲಿ ಹಿಡಿದು ಅದರ ಮೇಲಿನ ಕರಿ ಜಿಡ್ಡನ್ನು ಬೆರಳಿನಿಂದ ತೆಗೆದು ತೋರಿಸಿದ. “ಕಣ್ಣಿಗೆ ಹಚ್ಚೋ ಕಾಡಿಗಿ ಆಗೇತ್ರಿ. ಇದನ್ನ ಮಾಮಾರ ಎದಿಯೊಳಗ ಕಳಸಾಕತ್ತೀರಿ.” ಅಂದಿನಿಂದ ದೀಪ ಅಡುಗೆಮನೆಗೆ ಬಂತು. ಬನಶಂಕರಿ ತಾಯಿಗೂ ಸ್ವಲ್ಪ ಇಕ್ಕಟ್ಟಾಯಿತು, ಹೊಂದಿಕೊಂಡಳು.

ಒಮ್ಮೆ ಅವನು ನಮ್ಮ ಮನೆಯವರಿಗೆ ಎಸಿ ಹೇಗೆ ನಡೆಯುತ್ತದೆ ಎಂದು ತಿಳಿಸಿ ಹೇಳುತ್ತಿದ್ದ. “ಒಳಗಿನ ಯೂನಿಟ್ ಹೆಂಡ್ತಿ, ಹೊರಗಿನ ಯೂನಿಟ್ ಗಂಡ ಅಂತ ತಿಳ್ಕೋರಿ. ಗಂಡ ಬಿಸಲಾಗ ನಿಂತು ಬೆವರ್ತಾನ. ಅದಕ್ಕ ಹೆಂಡ್ತಿ ಒಳಗ ಮನಿ ತಣ್ಣಗ ಇಡ್ತಾಳ.”

“ನಮ್ಮಲ್ಲಿ ಉಲ್ಟಾ ಐತಿ ನೋಡೋ,” ಎಂದರು ನಮ್ಮ ಮನೆಯವರು. “ಗಂಡ ಒಳಗ ತಣ್ಣಗ ಮಲಗ್ಯಾನ, ಹೆಂಡ್ತಿ ಹೊರಗ ಬೆವರಾಕತ್ತಾಳ.”

ಫಕ್ಕೀರಪ್ಪ ಬಿದ್ದು ಬಿದ್ದು ನಕ್ಕ. ನಾನು ಸೆರಗಿನಿಂದ ಮುಖ ಒರೆಸಿಕೊಂಡು ಚಹಾ ಇಡಲು ಹೋದೆ. ಅವರು ನಗಿಸುವಷ್ಟು ದಿನ ನನಗೆ ಏನೂ ಕೊರತೆಯಿಲ್ಲ ಅನಿಸುತ್ತಿತ್ತು.

ಖಂಡೇನವಮಿಯ ಕಥೆ ಹೇಳದೆ ಫಕ್ಕೀರಪ್ಪನ ಮಾತು ಮುಗಿಯುವುದಿಲ್ಲ. ಅವತ್ತು ಎಲ್ಲರೂ ಗಾಡಿ, ಕುಡುಗೋಲು, ಹೊಲಿಗೆ ಯಂತ್ರ ಎಲ್ಲಕ್ಕೂ ಪೂಜೆ ಮಾಡುತ್ತಾರೆ. ನನ್ನ ಗಂಡನನ್ನು ಕಾಯುವ ಯಂತ್ರಕ್ಕೆ ಪೂಜೆ ಇಲ್ಲದೆ ಹೇಗೆ ಎಂದು ನಾನು ಸ್ಟೂಲು ಹಾಕಿಕೊಂಡು ಹತ್ತಿದೆ. ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಚೆಂಡುಹೂವಿನ ಮಾಲೆ ಹಾಕಿದೆ. ಬೊಗಸೆ ತುಂಬ ಅಕ್ಷತೆ ತೆಗೆದುಕೊಂಡು, ಮನಸ್ಸಿನಲ್ಲಿ ಇದ್ದದ್ದನ್ನೆಲ್ಲ ಬೇಡಿಕೊಂಡು, ಅದರ ತಲೆಯ ಮೇಲೆ ಸುರಿದೆ. ಫಿಲ್ಟರನ್ನು ಅವತ್ತೇ ಬೆಳಿಗ್ಗೆ ತೊಳೆದು ಒಣಗಲು ಇಟ್ಟಿದ್ದೆ. ಮೇಲಿನ ಜಾಳಿಗೆಯೊಳಗಿನಿಂದ ಅಕ್ಕಿಯೆಲ್ಲ ಹೊಟ್ಟೆಗೆ ಇಳಿದದ್ದು ನನಗೆ ತಿಳಿಯಲಿಲ್ಲ.

ಸ್ವಲ್ಪ ದಿನದಲ್ಲಿ ಎಸಿ ಸೋರಲು ಶುರುವಾಯಿತು. ಗೋಡೆಗುಂಟ ಇಳಿದ ನೀರು ಹಾಸಿಗೆಯ ಒಂದು ಬದಿಯನ್ನು ತೋಯಿಸಿತ್ತು. ನಮ್ಮ ಮನೆಯವರಿಗೆ ಒದ್ದೆಯಾದದ್ದು ಗೊತ್ತಾಗುತ್ತಿರಲಿಲ್ಲ. ಮಗ್ಗಲು ಹೊರಳಿಸಲು ಹೋದಾಗ ನಾನೇ ನೋಡಿ ಗಾಬರಿಯಾದೆ. ಅವರ ಬೆನ್ನಿಗೆ ಹುಣ್ಣಾಗಬಾರದೆಂದು ಪುಡಿ ಹಚ್ಚಿ, ಒರೆಸಿ, ಹೊರಳಿಸಿ ಕಾಯ್ದುಕೊಂಡು ಬಂದವಳು ನಾನು. ಒದ್ದೆ ಹಾಸಿಗೆ ಅಂದರೆ ನಮಗೆ ಹಾವು ಬಂದ ಹಾಗೆ.

ಫಕ್ಕೀರಪ್ಪ ಬಂದ. ಅಂಗಾಲು ಮುಟ್ಟಿದ. ಹಿತ್ತಲಿಗೆ ಹೋಗಿ ನೀರು ಹೊರಗೆ ಬೀಳುವ ಪೈಪಿಗೆ ಬಾಯಿ ಹಚ್ಚಿ ಉಸಿರು ಜಗ್ಗಿದ. ಏನೋ ಅವನ ಬಾಯಿಗೆ ಬಂತು. ಅಂಗೈಗೆ ಉಗುಳಿ ಬ್ಯಾಟರಿ ಹಚ್ಚಿ ನೋಡಿದ. ಹಳದಿ ಬಣ್ಣದ, ಉಬ್ಬಿದ, ಮೆತ್ತಗಾದ ಅಕ್ಕಿ.

“ಅಕ್ಕಾರ, ಅನ್ನ ಆಗೇತಿ. ಸಾರ ಇದ್ರ ತರ್ರಿ.”

ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಒಳಗಿನಿಂದ ನಮ್ಮ ಮನೆಯವರು ಕೂಗಿದರು. “ಏನಂತೋ ಅದಕ್ಕ?”

“ಏನಿಲ್ರಿ ಮಾಮಾರ, ಅಕ್ಕಾರು ಎಸಿಗೆ ಊಟಕ್ಕ ಹಾಕ್ಯಾರ!”

ಎಸಿಯೊಳಗೆ ನೀರು ಇಳಿಯುವ ತಟ್ಟೆ ಬಿಚ್ಚಿ, ತೊಳೆದು, ಕಾಳುಗಳನ್ನೆಲ್ಲ ಆರಿಸಿ ತೆಗೆದ. ಆ ಅಕ್ಕಿಯನ್ನು ಕಸದ ಬುಟ್ಟಿಗೆ ಹಾಕಲಿಲ್ಲ. ದೇವರ ಹೆಸರಲ್ಲಿ ಹಾಕಿದ್ದು ಎಂದು ತುಳಸಿಕಟ್ಟೆಯ ಬುಡಕ್ಕೆ ಹಾಕಿ ಬಂದ. “ಪೂಜಾ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಬರೋ ವರ್ಷ ಅಕ್ಕಿ ರಿಮೋಟಿಗೆ ಹಾಕ್ರಿ” ಎಂದ. ಮುಂದೆ ಹಾಗೇ ಮಾಡುತ್ತ ಬಂದೆ.

ಚಳಿಗಾಲದಲ್ಲಿ ಅವನ ಸಿಟ್ಟು ಬೇರೆ ಬಗೆಯದು. ನಮ್ಮ ಮನೆಯವರ ಕಾಲು ಮಂಜುಗಡ್ಡೆಯ ಹಾಗೆ ತಣ್ಣಗಾಗುತ್ತಿದ್ದವು. ನಾನು ಕಾಯಿಲ್ ಕೆಂಪಗಾಗುವ ಹೀಟರನ್ನು ಪ್ರೀತಿಯಿಂದ ಅವರ ಪಾದದ ಹತ್ತಿರವೇ ಇಟ್ಟಿದ್ದೆ. ಅಕಸ್ಮಾತ್ತಾಗಿ ಬಂದ ಫಕ್ಕೀರಪ್ಪ ಅದನ್ನು ನೋಡಿ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿ ಅದನ್ನು ದೂರ ಜಗ್ಗಿದ. “ಹುಚ್ಚ ಹಿಡದೈತೇನ್ರಿ! ಸುಟ್ಟರ ಅವರಿಗೆ ಗೊತ್ತಾಗಂಗಿಲ್ಲ. ಕಾಲು ಸುಟ್ಟು ವಾಸನಿ ಬಂದ ಮ್ಯಾಲೆ ನಿಮಗ ಗೊತ್ತಾಗ್ತೈತಿ.” ಎಕ್ಸ್‌ಟೆನ್ಶನ್ ಬೋರ್ಡಿನಿಂದ ಕಿತ್ತು, ಗೋಡೆಯ ದೊಡ್ಡ ಪ್ಲಗ್ಗಿಗೆ ಹಾಕಿ, ಮಂಚದಿಂದ ಬಾಗಿಲ ತನಕ ದೂರ ಇಟ್ಟು, ಗಾಳಿ ಒಣಗದಿರಲೆಂದು ಪಕ್ಕದಲ್ಲಿ ಒಂದು ಬೋಗುಣಿ ನೀರು ಇಡಿಸಿದ. “ಕೋಣಿ ಬೆಚ್ಚಗ ಮಾಡ್ರಿ, ಮನಷ್ಯಾನ್ನಲ್ಲ.” ಬೈದದ್ದು ಹೆಚ್ಚಾಯಿತೆಂದು ಅವನಿಗೇ ಅನಿಸಿರಬೇಕು, ಮರುದಿನ ಒಂದು ಸೌತೆಕಾಯಿ ತಂದುಕೊಟ್ಟ. ಸೌತೆಕಾಯಿ ಯಾಕೆ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇಷ್ಟೆಲ್ಲ ಮಾಡುವ ಫಕ್ಕೀರಪ್ಪ ಅಮಾವಾಸ್ಯೆಯ ದಿನ ಮಾತ್ರ ಚೀಲಕ್ಕೆ ಕೈ ಹಚ್ಚುತ್ತಿರಲಿಲ್ಲ. ನಮ್ಮ ಕಡೆ ಗ್ಯಾರೇಜು, ಬಡಿಗೇರರು, ಗೌಂಡಿಗಳು ಬಹಳ ಮಂದಿ ಅಮಾವಾಸ್ಯೆ ಹಿಡಿಯುತ್ತಾರೆ, ಅದು ಹೊಸದಲ್ಲ. ಅವನದು ಕಟ್ಟುನಿಟ್ಟು. ಕಾರಣ ಕೇಳಿದರೆ ಒಂದೊಂದು ಸಲ ಒಂದೊಂದು. ಒಮ್ಮೆ ಅವ್ವನಿಗೆ ಕೊಟ್ಟ ಮಾತು, ಒಮ್ಮೆ ಕನಸಿನಲ್ಲಿ ಮನೆದೇವರು ಬಂದದ್ದು, ಒಮ್ಮೆ ಕರೆಂಟು ಹೊಡೆದು ಛಾವಣಿಯಿಂದ ಬಿದ್ದದ್ದು. ಯಾವುದು ಖರೆ ಎಂದು ನಾನು ಒತ್ತಿ ಕೇಳಲಿಲ್ಲ. ಅಮಾವಾಸ್ಯೆಯ ದಿನ ನಾನೂ ಹೊಸ ಸೀರೆ ಉಡುವುದಿಲ್ಲ, ಉಪ್ಪಿನಕಾಯಿ ಹಾಕುವುದಿಲ್ಲ. ನಾನು ಅವನಿಗೆ ಏನೆಂದು ಹೇಳಲಿ?

ಒಂದು ಬೇಸಿಗೆ, ಅಮಾವಾಸ್ಯೆಯ ದಿನವೇ, ಮಧ್ಯಾಹ್ನ ಎಸಿ ಕೈ ಕೊಟ್ಟಿತು. ಸ್ವಲ್ಪ ಹೊತ್ತು ಓಡುವುದು, ಬಿಸಿ ಗಾಳಿ ಬಿಡುವುದು, ನಿಲ್ಲುವುದು. ಹೊರಗೆ ಬಿಸಿಲು ಹಂಚು ಸುಡುತ್ತಿತ್ತು. ನೋಡನೋಡುತ್ತ ನಮ್ಮ ಮನೆಯವರ ಮುಖ ಕೆಂಪಾಯಿತು, ಒಂದು ಹನಿ ಬೆವರಿಲ್ಲ. ಫೋನು ಮಾಡಿದೆ.

“ಅಕ್ಕಾರ, ಇವತ್ತ ಅಮಾಸಿರಿ.”

“ಗೊತ್ತೈತಪಾ ಫಕ್ಕೀರಪ್ಪ. ಇವರ ಮೈ ಕಾಯಾಕತ್ತೈತಿ. ನಾ ಏನ್ ಮಾಡ್ಲಿ ಹೇಳು.”

ಅವತ್ತು ಅವನ ಬಾಯಿಂದ ರಾಯಾಪುರವೂ ಬರಲಿಲ್ಲ. ಫೋನು ಕಟ್ಟಾಯಿತು. ನಾನು ಮಂಚದ ಹತ್ತಿರ ನಿಂತು ಬೀಸಣಿಕೆ ಬೀಸುತ್ತ ತಾಯಿಯನ್ನು ನೆನೆಯುತ್ತಿದ್ದೆ. ಹಾಗೆ ನೆನೆಯುವಾಗಲೇ ಅವನು ಬಾಗಿಲಲ್ಲಿ ಬಂದು ನಿಂತ. ಚೀಲ ಇರಲಿಲ್ಲ, ಕೊರಳಲ್ಲಿ ಬ್ಯಾಟರಿಯೂ ಇರಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಹಿತ್ತಲಿಗೆ ಹೋಗಿ ಯೂನಿಟ್ಟಿನ ಬೆನ್ನನ್ನು ಬಗ್ಗಿ ನೋಡಿದ. ಪಕ್ಕದ ಬಯಲಿನ ಬೂರುಗದ ಮರ ಕಾಯಿ ಒಡೆದು ಹತ್ತಿ ಹಾರಿಸುತ್ತಿತ್ತು. ಅದೆಲ್ಲ ಬಂದು ಯೂನಿಟ್ಟಿಗೆ ಅಂಟಿ ಕಂಬಳಿ ಹೊದಿಸಿದ ಹಾಗಾಗಿತ್ತು.

“ಗಾಳಿ ಆಡಲಾರದಕ್ಕ ಉಸಿರು ಕಟ್ಟೇತ್ರಿ ಅದಕ್ಕ. ಎಸಿದಷ್ಟ ಸ್ವಿಚ್ ಕೆಳಗ ಮಾಡ್ರಿ. ಹಳೇ ಹಲ್ಲುಜ್ಜೋ ಬ್ರಷ್ ತರ್ರಿ. ನಳದ ಪೈಪ ತರ್ರಿ.”

“ನಾನಾ?”

“ಕೈ ನಿಮ್ಮದು, ಬಾಯಿ ನಂದು. ಬಾಯಿಗೆ ಅಮಾಸಿ ಇಲ್ಲ.”

ನಾನು ಸೆರಗು ಸಿಕ್ಕಿಸಿ ಬಿಸಿಲಲ್ಲಿ ಕುಕ್ಕರುಗಾಲಿನಲ್ಲಿ ಕುಳಿತೆ. ಅವನು ಒಳಗೆ ಹೋಗಿ ಒಂದು ಪಂಚೆಯನ್ನು ನೀರಲ್ಲಿ ಅದ್ದಿ, ಹಿಂಡಿ, ನಮ್ಮ ಮನೆಯವರ ಎದೆ, ತೋಳು, ತೊಡೆ ಒರೆಸುತ್ತ ಫ್ಯಾನಿನ ಗಾಳಿ ತಾಗಿಸುತ್ತ ಕುಳಿತ. ಪಂಚೆ ಬಿಸಿಯಾದರೆ ಮತ್ತೆ ಅದ್ದಿದ. ಕಿಟಕಿಯಿಂದ ಕೂಗುತ್ತಿದ್ದ. “ಬ್ರಷ್ ಮ್ಯಾಲಿಂದ ಕೆಳಗ ಎಳೀರಿ, ಅಡ್ಡ ಬ್ಯಾಡ, ಪತ್ರಾ ಮಣೀತಾವ! ನೀರು ಮೆಲ್ಲಕ ಬಿಡ್ರಿ, ಎತ್ತು ತೊಳ್ಯಾಕತ್ತೀರೇನು?”

“ಫಕ್ಕೀರಪ್ಪಾ, ಇದು ಕೆಲಸ ಅಲ್ಲೇನೋ, ನೀ ಮಾಡಾಕತ್ತಿದ್ದು?” ಎಂದರು ನಮ್ಮ ಮನೆಯವರು, ಒಣಗಿದ ದನಿಯಲ್ಲಿ.

“ಇದು ಸೇವಾ ಅನಸ್ಕೋತೈತ್ರಿ ಮಾಮಾರ. ಸೇವಾಕ್ಕ ಅಮಾಸಿ ಛಲೋ.”

ಸಾಲಾಗಿದ್ದ ತೆಳು ತಗಡಿನ ಪತ್ರಾಗಳು ಕೊಯ್ದು ನನ್ನ ಬೆರಳುಗಳಿಂದ ರಕ್ತ ಬಂತು. ಕಣ್ಣಿಗೆ ಹತ್ತಿ ಹೋಯಿತು. ಇವನ ಕೈಯಲ್ಲಾಗಿದ್ದರೆ ಬೇಗ ಮುಗಿಯುತ್ತಿತ್ತು ಎಂದು ಒಂದು ಕ್ಷಣ ಸಿಟ್ಟೂ ಬಂತು. ಕಿಟಕಿಯೊಳಗೆ ನೋಡಿದರೆ ಆ ದೊಡ್ಡ ಮನುಷ್ಯ ಹಸಿ ಪಂಚೆ ಹಿಡಿದು ಮಂಡಿಯೂರಿದ್ದ, ಅವನ ತುಟಿ ಏನೋ ಮಂತ್ರ ಅನ್ನುತ್ತಿತ್ತು. ಯೂನಿಟ್ ಒಣಗುವ ತನಕ ಕಾದು ಸ್ವಿಚ್ ಮೇಲೆ ಮಾಡಿದೆ. ತಣ್ಣನೆ ಗಾಳಿ ಬಂತು. ಫಕ್ಕೀರಪ್ಪ ಅಂಗಾಲು ಮುಟ್ಟಿ ನೋಡಿ, “ಇಳೀತು” ಎಂದ. ನಾನು ಅಡುಗೆಮನೆಯಲ್ಲಿ ದೇವರ ಮುಂದೆ ಕುಳಿತು ಅತ್ತೆ.

ಅಂದಿನಿಂದ ನನಗೂ ಫಕ್ಕೀರಪ್ಪನಿಗೂ ಒಂದು ಬುದ್ಧಿ ಬೇರೂರಿತು. ನಮ್ಮ ಮನೆಯವರ ಮೈ ಬಿಸಿಯಾದರೆ ಕೋಣೆ ಕೆಟ್ಟಿದೆ, ಕೋಣೆ ಕೆಟ್ಟರೆ ಮಷೀನು ಕೆಟ್ಟಿದೆ, ಮಷೀನು ಕೆಟ್ಟರೆ ಫಕ್ಕೀರಪ್ಪ. ವರ್ಷಗಟ್ಟಲೆ ಅದು ಹಾಗೇ ಇತ್ತು, ಒಮ್ಮೆಯೂ ತಪ್ಪಲಿಲ್ಲ.

ಹೋದ ವರ್ಷ ಗಣಪತಿ ಕಳಿಸಿದ ಮರುದಿನ ಬೆಳಿಗ್ಗೆ ಅವರ ಹಣೆ ಮುಟ್ಟಿದರೆ ಸುಡುತ್ತಿತ್ತು. ಮಳೆ ಬಿಟ್ಟು ಹೊರಗೆ ಸೆಕೆ ಇತ್ತು. ನಾನು ಎಸಿಯ ಅಂಕಿ ಇಳಿಸಿದೆ, ಒದ್ದೆ ಬಟ್ಟೆ ಹಾಕಿದೆ, ಫೋನು ಮಾಡಿದೆ. ಡಾಕ್ಟರಿಗಲ್ಲ, ಫಕ್ಕೀರಪ್ಪನಿಗೆ. ಅವನು ಅವತ್ತು ಎಲ್ಲಿದ್ದೇನೆ ಎಂದು ಹೇಳಲಿಲ್ಲ, ಸೀದಾ ಬಂದ. ಅಂಗಾಲು ಮುಟ್ಟಿದ, ಹಣೆ ಮುಟ್ಟಿದ. “ಸೆನ್ಸರ್ ಹೋಗೇತಿ” ಎಂದ. ಬಿಚ್ಚಿ ಬೇರೆ ಹಾಕಿದ. ಕಾಯಿಲ್ ತೊಳೆದ. ಗ್ಯಾಸು ನೋಡಿದ, ತುಂಬಿತ್ತು. ಕೋಣೆ ಎಷ್ಟು ತಣ್ಣಗಾಯಿತೆಂದರೆ ನಾನು ಶಾಲು ಹೊದ್ದುಕೊಂಡೆ, ಫಕ್ಕೀರಪ್ಪನ ತೋಳಿನ ಕೂದಲು ನಿಂತಿದ್ದವು. ನಮ್ಮ ಮನೆಯವರ ಮೈ ಮಾತ್ರ ಸುಡುತ್ತಿತ್ತು.

“ಮಷೀನಾಗ ಏನೋ ಐತ್ರಿ, ನನಗ ಸಿಗವಲ್ತು” ಎಂದು ಅವನು ಮತ್ತೆ ಮುಚ್ಚಳ ಬಿಚ್ಚಿದ.

“ಫಕ್ಕೀರಪ್ಪಾ,” ನಮ್ಮ ಮನೆಯವರು ಕಣ್ಣು ಮುಚ್ಚಿಕೊಂಡೇ ಹೇಳಿದರು. “ಅದನ್ನ ಬಿಡೋ. ಕೆಟ್ಟಿದ್ದು ನಾ ಇರಬೇಕು.”

ಆಗ ನನಗೆ ಹೊಳೆಯಿತು. ಮೈದುನನಿಗೆ ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆ ಸೇರಿದೆವು. ಮೂತ್ರಕ್ಕೆಂದು ಹಾಕಿದ್ದ ನಳಿಗೆಯಿಂದ ಸೋಂಕು ರಕ್ತಕ್ಕೆ ಏರಿತ್ತು. ಬೆಳಿಗ್ಗೆಯೇ ತಂದಿದ್ದರೆ ಎಂದು ನಾನು ಡಾಕ್ಟರನ್ನು ಕೇಳಿದೆ. ಒಳಗೊಳಗೇ ಅದು ಬಹಳ ದಿನದಿಂದ ಹಬ್ಬಿದ್ದು, ಬೆಳಿಗ್ಗೆ ತಂದಿದ್ದರೂ ಇಷ್ಟೇ ಎಂದರು. ಅಷ್ಟಾದರೂ ಹೇಳಿದರಲ್ಲ ಎಂದು ಅವರಿಗೆ ಕೈ ಮುಗಿದೆ.

ಫಕ್ಕೀರಪ್ಪ ದಿನಾ ಆಸ್ಪತ್ರೆಗೆ ಬರುತ್ತಿದ್ದ. ಒಳಗೆ ಬಿಡುತ್ತಿರಲಿಲ್ಲ. ಹೊರಗಿನ ಮೊಗಸಾಲೆಯಲ್ಲಿ ಎಸಿಯ ಗಾಳಿ ಬರುವ ಕಿಂಡಿಯ ಕೆಳಗೆ ನಿಂತು, ಕೈ ಮೇಲೆತ್ತಿ ಗಾಳಿ ಮುಟ್ಟಿ ನೋಡಿ, “ಇಲ್ಲಿ ಕೂಲಿಂಗ್ ಛಲೋ ಐತ್ರಿ ಅಕ್ಕಾರ” ಎನ್ನುತ್ತಿದ್ದ. ನಾನು “ಹೂನಪಾ” ಎನ್ನುತ್ತಿದ್ದೆ. ಒಂದು ಬೆಳಿಗ್ಗೆ ನಮ್ಮ ಮನೆಯವರು ಹೋದರು. ಅಲ್ಲಿ ತಂಪಿತ್ತು, ಕಷ್ಟಪಡಲಿಲ್ಲ, ಮುಖ ಶಾಂತವಾಗಿತ್ತು.

ದಿನಕರ್ಮಗಳೆಲ್ಲ ಮುಗಿದು ಬಂಧುಗಳು ಹೋದ ಮೇಲೆ ಫಕ್ಕೀರಪ್ಪ ಬಂದ. ಯಾರೂ ಕರೆದಿರಲಿಲ್ಲ. ಬಚ್ಚಲಿಗೆ ಹೋಗಿ ಕೈ ತೊಳೆದ, ಕೋಣೆಯ ಹೊಸ್ತಿಲಲ್ಲಿ ನಿಂತ. ಮಂಚದ ಮೇಲೆ ಹಾಸಿಗೆ ಇರಲಿಲ್ಲ.

“ಅಕ್ಕಾರ, ಮಷೀನ್ ಒಮ್ಮಿ ಬಿಚ್ಚಿ ನೋಡ್ತೇನ್ರಿ.”

“ಯಾಕಪಾ ಈಗ?”

“ನೋಡ್ತೇನ್ರಿ.”

ಹಿತ್ತಲಲ್ಲಿ ಹಳೆಯ ಜಮಖಾನ ಹಾಸಿ ಒಳಗಿನದನ್ನೂ ಹೊರಗಿನದನ್ನೂ ಪೂರ್ತಿ ಬಿಚ್ಚಿದ. ಫ್ಯಾನು, ಕಾಯಿಲ್, ಬೋರ್ಡು, ವಾಯರು, ಒಂದೊಂದನ್ನೂ ಒರೆಸಿ, ಬೆಳಕಿಗೆ ಹಿಡಿದು, ಮೀಟರ್ ಹಚ್ಚಿ ನೋಡಿದ. ಪೈಪಿನ ಕೂಡಿಕೆಗಳಿಗೆ ಸಾಬೂನು ನೊರೆ ಹಚ್ಚಿ ಗುಳ್ಳೆ ಏಳುತ್ತದೇನೋ ಎಂದು ಮುಖ ಹತ್ತಿರ ತಂದು ಕಾದ. ಗುಳ್ಳೆ ಏಳಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದ. ನಾನು ಚಹಾ ತಂದಿಟ್ಟೆ, ಅದು ಅಲ್ಲೇ ಆರಿತು. ಜಂಬವಿಲ್ಲ, ಬಾಯಲ್ಲಿ ಎಲೆ ಅಡಿಕೆಯೂ ಇಲ್ಲ.

“ಫಕ್ಕೀರಪ್ಪಾ, ಸಾಕು ಬಿಡಪಾ.”

“ಏನರ ಒಂದು ಸಿಗಬೇಕಲ್ರಿ ಅಕ್ಕಾರ,” ಎಂದ ತಲೆ ಎತ್ತದೆ. “ಒಂದು ವಾಯರ್ ಸುಟ್ಟಿರಬೇಕು, ಒಂದು ಸಣ್ಣ ತೂತರ ಇರಬೇಕು. ನಾ ನೋಡಿದ್ದಿಲ್ಲ, ತಪ್ಪಿತು ಅಂತ ಅನ್ನಾಕರ...”

ಇಳಿಹೊತ್ತಿಗೆ ಎಲ್ಲ ಜೋಡಿಸಿದ. ಗೋಡೆಗೆ ಹಚ್ಚಿದ. ಸ್ವಿಚ್ ಹಾಕಿದ. ಸದ್ದಿಲ್ಲದೆ ಗಾಳಿ ಬಂತು, ಹಿಂದೆಂದೂ ಅಷ್ಟು ಹದವಾಗಿ ಬಂದಿರಲಿಲ್ಲ. ಅವನು ಅದರ ಕೆಳಗೆ ನಿಂತುಕೊಂಡ. ಮಸಿ ಹತ್ತಿದ ಕೈಗಳು ಎರಡೂ ಬದಿಗೆ ಇಳಿದಿದ್ದವು.

“ಏನೂ ಇಲ್ರಿ ಅಕ್ಕಾರ. ಎಲ್ಲಾ ಛಲೋ ಐತಿ.”

ಹೇಳಿ, ಅಂಗಿಯ ತೋಳಿಗೆ ಮುಖ ಒತ್ತಿಕೊಂಡ. ಅಷ್ಟು ದೊಡ್ಡ ಮನುಷ್ಯನ ಬೆನ್ನು ಅಲುಗುವುದನ್ನು ನೋಡಲಾಗದೆ ನಾನು ಕಿಟಕಿಯ ಕಡೆ ತಿರುಗಿದೆ. ಕೆಟ್ಟದ್ದೇನಾದರೂ ಸಿಕ್ಕಿದ್ದರೆ ಅವನು ಅದನ್ನು ಬದಲಿ ಮಾಡುತ್ತಿದ್ದ, ಬೈಯುತ್ತಿದ್ದ, ಹಗುರಾಗಿ ಮನೆಗೆ ಹೋಗುತ್ತಿದ್ದ. ನನಗೂ ಯಾವುದೋ ಒಂದರ ಕಡೆ ಬೊಟ್ಟು ಮಾಡಲು ಆಗುತ್ತಿತ್ತು.

ಅವನು ಕೈಯ ಮಸಿ ಒರೆಸಿಕೊಂಡು ಕೇಳಿದ. “ಬಂದ್ ಮಾಡ್ಲೇನ್ರಿ?”

ಹೂಂ ಎನ್ನಲು ನನಗೆ ಬಾಯಿ ಬರಲಿಲ್ಲ. ಬೇಡ ಎನ್ನಲು ಕಾರಣ ಇರಲಿಲ್ಲ. ಅವನು ಎರಡನೆಯ ಸಲ ಕೇಳಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು, ಬಾಗಿಲನ್ನು ಗಾಳಿ ಹೊರಗೆ ಹೋಗದ ಹಾಗೆ ಮೆಲ್ಲಗೆ ಮುಂದೆ ಮಾಡಿ ಹೊರಟುಹೋದ. ಆಮೇಲೆ ಅವನು ನಮ್ಮ ಮನೆಗೆ ಬಂದಿಲ್ಲ, ನನಗೂ ಕರೆಯುವ ಕೆಲಸ ಬಿದ್ದಿಲ್ಲ. ಆ ಸಂಜೆ ಬರೀ ಮಂಚದ ಅಂಚಿಗೆ ಕುಳಿತುಕೊಂಡೆ. ಕೋಣೆ ತಣ್ಣಗಾಗುತ್ತಲೇ ಇತ್ತು.